ಉಕ್ಕನ್ನು ತಿನ್ನುವ ಹನಿ

ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವ ಹಾದಿಯಲ್ಲಿ, ಘಟ್ಟದ ನೆರಳು ಬೀಳಲಾರಂಭಿಸುವ ಮೊದಲು ಸಿಗುವ ಪೇಟೆ ಬಜಗೋಳಿ. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಈ ತಾಲೂಕಿನಲ್ಲಿ ಕಬ್ಬಿಣವನ್ನು ಕಾಪಾಡಿಕೊಳ್ಳುವುದೇ ಒಂದು ವ್ರತವೆನ್ನಬಹುದು. ಮೇ ತಿಂಗಳು ಮುಗಿಯುವುದರೊಳಗೆ ಗೇಟಿಗೆ ಬಣ್ಣ ಬಳಿಯಬೇಕು. ಕತ್ತಿ, ಹಾರೆ, ಗುದ್ದಲಿಗಳಿಗೆ ಎಣ್ಣೆ ಸವರಬೇಕು. ಒಂದು ವರ್ಷ ಮರೆತರೆ ಸಾಕು, ಆಷಾಢ ಕಳೆಯುವಷ್ಟರಲ್ಲಿ ಗೇಟಿನ ಸರಳು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಗೋಡೆ ಕಟ್ಟುವ ಮುರಕಲ್ಲಿನ ಕೆಂಪು ಬಣ್ಣವಾದರೂ ಏನು? ಲಕ್ಷಾಂತರ ವರ್ಷಗಳ ಮಳೆಯಲ್ಲಿ ನೆನೆದು ಮಣ್ಣಿನೊಳಗಿನ ಕಬ್ಬಿಣಕ್ಕೆ ಹಿಡಿದ ತುಕ್ಕೇ ಅದು. ತುಕ್ಕಿನ ಮೇಲೆ ನಡೆದು, ತುಕ್ಕಿನ ಗೋಡೆಯೊಳಗೆ ಮಲಗುವ ಜನರಿಗೆ ತುಕ್ಕಿನ ವಿಚಾರವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಆದರೆ ಇದು ಕಣ್ಣಿಗೆ ಕಾಣುವ ತುಕ್ಕಿನ ಮಾತು. ಹೊರಗಿನಿಂದ ಬರುವ ಶತ್ರುವಿಗೆ ಬಣ್ಣವುಂಟು, ಎಣ್ಣೆಯುಂಟು. ಯಾರ ಕಣ್ಣಿಗೂ ಬೀಳದಂತೆ, ನೆಲದಡಿಯಲ್ಲಿ ಹೂತ ಉಕ್ಕಿನ ಕೊಳವೆಯ ಒಳಗೋಡೆಯನ್ನು ತಿನ್ನುವ ಇನ್ನೊಂದು ತುಕ್ಕುಂಟು. ಅದನ್ನು ಮೊದಲೇ ಪತ್ತೆಹಚ್ಚುವ ವಿದ್ಯೆ ಎಂತಹುದು, ಆ ವಿದ್ಯೆಯನ್ನು ಅಲಕ್ಷಿಸಿದ ಕಡೆ ಏನು ನಡೆಯಿತು ಎಂಬುದು ಕರಾವಳಿಯ ಜನರು ಈಗ ತಿಳಿದಿರಬೇಕಾದ ಸಂಗತಿ.

ಕೊಳವೆ ಮಾರ್ಗವೆಂಬುದು ಈ ಸೀಮೆಗೆ ಅಪರಿಚಿತವೇನಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರಿನ ಸಂಸ್ಥೆಯು ಪುಡಿಮಾಡಿದ ಅದಿರನ್ನು ನೀರಿನೊಡನೆ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ, ಪಣಂಬೂರಿಗೆ ಸಾಗಿಸುತ್ತಿತ್ತು. 2005ರ ಕೊನೆಗೆ ಗಣಿ ನಿಂತಿತು. ಅದಿರಿನ ರಾಡಿಯನ್ನು ಹೊತ್ತ ಕೊಳವೆ ಒಳಗೆ ಸವೆಯುವುದೆಂದರೆ ಯಾರಿಗೂ ಆಶ್ಚರ್ಯವಾಗದು. ಮರಳು ಉಜ್ಜಿದರೆ ಕಂಚಿನ ಪಾತ್ರೆಯೂ ಸವೆಯುತ್ತದೆ. ಆದರೆ ಕಣ್ಣಿಗೆ ಕಾಣದ, ಕೈಗೆ ತಾಕದ ಅನಿಲವೊಂದು ಹರಿಯುವ ಕೊಳವೆಯೂ ಒಳಗಿನಿಂದ ಕರಗಬಲ್ಲುದೆಂದರೆ ನಂಬುವುದು ಕಷ್ಟ.

ಅಂಥ ಕೊಳವೆ ಈಗ ಕರಾವಳಿಗೂ ಬಂದಿದೆ. 2021ರ ಜನವರಿ 5ರಂದು ಕೊಚ್ಚಿ–ಮಂಗಳೂರು ನೈಸರ್ಗಿಕ ಅನಿಲದ ಕೊಳವೆ ಮಾರ್ಗವು ಉದ್ಘಾಟನೆಯಾಯಿತು. ಸುಮಾರು 450 ಕಿಲೋಮೀಟರ್ ಉದ್ದ. ಎರ್ನಾಕುಳದಿಂದ ಕಾಸರಗೋಡಿನವರೆಗೆ ಕೇರಳದ ಏಳು ಜಿಲ್ಲೆಗಳನ್ನು ಹಾದು, ಚಂದ್ರಗಿರಿ ಹೊಳೆಯ ತಳದಡಿಯಲ್ಲಿ ನುಸುಳಿ, ಅದು ಮಂಗಳೂರನ್ನು ಮುಟ್ಟುತ್ತದೆ. ದಿನಕ್ಕೆ 120 ಲಕ್ಷ ಘನ ಮೀಟರ್ ಅನಿಲವನ್ನು ಸಾಗಿಸಬಲ್ಲ ಸಾಮರ್ಥ್ಯ ಅದಕ್ಕುಂಟು. ಕೊಳವೆಯ ಮೂಲಕ ಮನೆಗಳಿಗೆ ಅನಿಲ ಹಂಚುವ ಯೋಜನೆಗೆ ದಕ್ಷಿಣ ಕನ್ನಡವೂ ಉಡುಪಿಯೂ 2018ರ ಹಂಚಿಕೆಯಲ್ಲಿಯೇ ಸೇರಿಹೋಗಿವೆ. ಸಿಲಿಂಡರಿನ ಸರದಿಗಾಗಿ ಕಾಯುವ ಗೃಹಿಣಿಗೆ ಇದು ಸಂತೋಷದ ಸುದ್ದಿಯೇ ಸರಿ. ಆದರೆ ಸಿಲಿಂಡರನ್ನು ಕಣ್ಣಿಂದ ನೋಡಬಹುದು, ಅಲುಗಾಡಿಸಬಹುದು. ತುಕ್ಕು ಹಿಡಿದಿದ್ದರೆ ಹಿಂದಿರುಗಿಸಬಹುದು. ನೆಲದಡಿಯ ಕೊಳವೆಯನ್ನು ನೋಡುವವರು ಯಾರು?

ಹಟ್ಟಿಯ ಪಕ್ಕದ ಪಾಠಶಾಲೆ

ಅನಿಲದೊಳಗಿನ ಕಶ್ಮಲವೆಂದರೇನೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕಾರ್ಕಳ, ಬೆಳ್ತಂಗಡಿಯ ಕಡೆಯ ಅಡಕೆ ತೋಟದ ಮನೆಗಳಲ್ಲಿ ಹಟ್ಟಿಯ ಪಕ್ಕದಲ್ಲಿ ಗೋಬರ್ ಗ್ಯಾಸಿನ ಗುಂಡಿಯನ್ನು ಕಾಣಬಹುದು. ಸೆಗಣಿಯೂ ನೀರೂ ಕೊಳೆತು ಹುಟ್ಟುವ ಆ ಅನಿಲದಲ್ಲಿ ಉರಿಯುವ ಭಾಗ ಮೀಥೇನ್. ಕೊಚ್ಚಿಯಿಂದ ಬರುವ ಅನಿಲದಲ್ಲಿಯೂ ಮುಖ್ಯ ಭಾಗ ಇದೇ. ಆದರೆ ಗುಂಡಿಯ ಅನಿಲದಲ್ಲಿ ಇದರೊಡನೆ ಮೂವರು ಕರೆಯದ ಅತಿಥಿಗಳಿರುತ್ತಾರೆ. ಮೂರರಲ್ಲೊಂದು ಭಾಗದಷ್ಟು ಇಂಗಾಲದ ಡೈಆಕ್ಸೈಡ್. ಅಲ್ಪ ಪ್ರಮಾಣದ, ಆದರೆ ಕೊಳೆತ ಮೊಟ್ಟೆಯ ವಾಸನೆಯಿಂದ ತನ್ನನ್ನು ತಾನೇ ಸಾರಿಕೊಳ್ಳುವ ಜಲಜನಕದ ಸಲ್ಫೈಡ್. ಮತ್ತು ನೀರಿನ ಆವಿ.

ಮನೆಯವರು ಇವುಗಳ ಹೆಸರನ್ನು ತಿಳಿಯದಿದ್ದರೂ ಕೆಲಸವನ್ನು ಬಲ್ಲರು. ಒಲೆಯ ಜ್ವಾಲೆ ತಡೆತಡೆದು ಉರಿದರೆ, ಕೊಳವೆ ತಗ್ಗಿದ ಕಡೆ ನೀರು ನಿಂತಿದೆಯೆಂದು ಅರ್ಥ. ಅಲ್ಲಿ ಇಟ್ಟಿರುವ ಸಣ್ಣ ನಲ್ಲಿಯನ್ನು ತಿರುಗಿಸಿ ನೀರನ್ನು ಬಸಿಯುತ್ತಾರೆ. ಒಲೆಯ ಹಿತ್ತಾಳೆಯ ತಿರುಪು ಕಪ್ಪಾಗುವುದು ಆ ಸಲ್ಫೈಡಿನ ಕೈವಾಡ. ಕಬ್ಬಿಣದ ಕೊಳವೆ ಹಾಕಿದ್ದ ಹಳೆಯ ಕಾಲದ ಗುಂಡಿಗಳಲ್ಲಿ, ತೂತು ಬೀಳುತ್ತಿದ್ದುದು ಹೆಚ್ಚಾಗಿ ನೀರು ನಿಲ್ಲುವ ಆ ತಗ್ಗಿನಲ್ಲಿಯೇ. ಕೋಟಿಗಟ್ಟಲೆ ರೂಪಾಯಿಯ ಕೊಳವೆ ಮಾರ್ಗದ ಎಂಜಿನಿಯರರು ನೆನಪಿಡಬೇಕಾದ ಮೊದಲ ಪಾಠವೂ ಇದೇ.

ಇಂಗಾಲದ ಡೈಆಕ್ಸೈಡ್ ಒಣಗಿರುವಾಗ ಉಕ್ಕಿಗೆ ಏನನ್ನೂ ಮಾಡದು. ಆದರೆ ಒಂದು ಹನಿ ನೀರು ಸಿಕ್ಕಿತೆಂದರೆ ಅದರಲ್ಲಿ ಕರಗಿ ಆಮ್ಲವಾಗುತ್ತದೆ. ಸೋಡಾ ಕುಡಿದಾಗ ನಾಲಿಗೆ ಚುರುಗುಟ್ಟುವುದು ಈ ಆಮ್ಲದಿಂದಲೇ. ವಾಯುಮಂಡಲದ ಒತ್ತಡದ ಹತ್ತಾರು ಪಟ್ಟು ಒತ್ತಡವಿರುವ ಕೊಳವೆಯೊಳಗೆ ಆ ಸೋಡಾ ಎಷ್ಟು ಹುಳಿಯಾಗಿರಬೇಕು! ಜಲಜನಕದ ಸಲ್ಫೈಡು ಇನ್ನೂ ಕೆಟ್ಟದು. ನೀರಿನಲ್ಲಿ ಕರಗಿ ಕಬ್ಬಿಣವನ್ನು ಕರಿಯ ಪುಡಿಯಾಗಿಸುವುದಲ್ಲದೆ, ಉಕ್ಕಿನ ಒಳಕ್ಕೆ ಜಲಜನಕದ ಪರಮಾಣುಗಳನ್ನು ನುಗ್ಗಿಸಿ ಅದನ್ನು ಬಿರುಸಾಗಿಸುತ್ತದೆ. ಇವುಗಳ ಜತೆಗೆ ಎಲ್ಲಿಂದಲಾದರೂ ಆಮ್ಲಜನಕ ಸೇರಿದರೆ ಸವೆತದ ವೇಗ ಹೆಚ್ಚುತ್ತದೆ. ಇನ್ನು ಆಮ್ಲಜನಕವಿಲ್ಲದ ಕತ್ತಲೆಯಲ್ಲಿಯೇ ಬಾಳುವ, ಗಂಧಕದ ಲವಣವನ್ನು ಬಳಸಿ ಸಲ್ಫೈಡನ್ನು ಕಾರುವ ಸೂಕ್ಷ್ಮಜೀವಿಗಳೂ ಉಂಟು. ನಿಂತ ನೀರು ಅವುಗಳಿಗೆ ಸ್ವಂತ ಮನೆ.

ಹೀಗಾಗಿ ಕಳ್ಳರು ಹಲವರಾದರೂ ಬಾಗಿಲು ತೆರೆಯುವವನು ಒಬ್ಬನೇ, ಅವನು ನೀರು. ನೀರಿಲ್ಲದ ಕಡೆ ಉಳಿದವರ ಕೈ ಕಟ್ಟಿಹೋಗುತ್ತದೆ.

ಆದುದರಿಂದಲೇ ಬಾವಿಯಿಂದ ಬಂದ ಅನಿಲವನ್ನು ಗ್ಲೈಕಾಲ್ ಎಂಬ, ಪಾನಕದಂತೆ ಮಂದವಾದ ದ್ರವದ ಮೂಲಕ ಹಾಯಿಸುತ್ತಾರೆ. ಆ ದ್ರವಕ್ಕೆ ನೀರಿನ ದಾಹ ವಿಪರೀತ; ಆವಿಯನ್ನೆಲ್ಲ ಕುಡಿದುಬಿಡುತ್ತದೆ. ಅಮೆರಿಕದಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆಯಂತೆ ಒಂದು ಘನ ಮೀಟರ್ ಅನಿಲದಲ್ಲಿ ಸುಮಾರು 112 ಮಿಲಿಗ್ರಾಮಿಗಿಂತ ಹೆಚ್ಚು ನೀರು ಇರಕೂಡದು. ಇದೆಷ್ಟು ಒಣಗಿದ ಸ್ಥಿತಿಯೆಂದು ತಿಳಿಯಬೇಕೆ? ಜುಲೈ ತಿಂಗಳಿನಲ್ಲಿ ಬಜಗೋಳಿಯ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ 20 ಗ್ರಾಂ ನೀರಿನ ಆವಿ ಇರುತ್ತದೆ. ಕೊಳವೆಯ ಅನಿಲ ಅದಕ್ಕಿಂತ ನೂರೆಂಬತ್ತು ಪಟ್ಟು ಒಣಗಿದ್ದು! ಆದರೂ ನಿಶ್ಚಿಂತೆಯಿಂದಿರುವಂತಿಲ್ಲ. ದಿನಕ್ಕೆ 120 ಲಕ್ಷ ಘನ ಮೀಟರ್ ಹರಿಯುವ ಕೊಳವೆಯೊಂದರಲ್ಲಿ ಈ ಮಿತಿಯೊಳಗೇ ದಿನವೊಂದಕ್ಕೆ 1,300 ಲೀಟರಿಗೂ ಹೆಚ್ಚು ನೀರು ಆವಿಯ ರೂಪದಲ್ಲಿ ಹಾದುಹೋಗುತ್ತದೆಂದು ಲೆಕ್ಕ ಹಾಕಬಹುದು. ಅದು ಆವಿಯಾಗಿಯೇ ಹೊರಟುಹೋದರೆ ಕೇಡಿಲ್ಲ. ಎಲ್ಲಿಯಾದರೂ ತಣಿದು ಹನಿಯಾಗಿ, ಹೊಳೆಯಡಿಯ ಬಾಗಿನಲ್ಲಿ ಕುಳಿತರೆ ಕೇಡು.

ಭಾರತದಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಲಿಯು 2008ರಲ್ಲಿ ಮಾಡಿದ ನಿಯಮಗಳು ಇದನ್ನೇ ಇನ್ನೊಂದು ಬಗೆಯಿಂದ ಹೇಳುತ್ತವೆ: ಅನಿಲವನ್ನು ಸೊನ್ನೆ ಡಿಗ್ರಿಯವರೆಗೆ ತಣಿಸಿದರೂ ಅದರಿಂದ ನೀರು ಹನಿಯಕೂಡದು. ಜಲಜನಕದ ಸಲ್ಫೈಡು ತೂಕದಲ್ಲಿ ಹತ್ತು ಲಕ್ಷಕ್ಕೆ 5 ಭಾಗವನ್ನು ಮೀರಬಾರದು. ಇಂಗಾಲದ ಡೈಆಕ್ಸೈಡು ನೂರಕ್ಕೆ 6ನ್ನು ಮೀರಬಾರದು. ಕಾಗದದ ಮೇಲೆ ಬರೆದ ಈ ಅಂಕಿಗಳು ನೀರಸವಾಗಿ ಕಾಣಬಹುದು. ಅವು ನೀರಸವಲ್ಲವೆಂಬುದಕ್ಕೆ ನಗರಂ ಗ್ರಾಮವೇ ಸಾಕ್ಷಿ.

ನಗರಂನ ಮುಂಜಾವು

ಆಂಧ್ರಪ್ರದೇಶದ ಗೋದಾವರಿಯ ಮುಖಜಭೂಮಿಯಲ್ಲಿ ಕೋನಸೀಮೆಯೆಂಬ ಪ್ರದೇಶವಿದೆ. ತೆಂಗಿನ ತೋಪು, ಕಾಲುವೆ, ಗದ್ದೆ, ಹಸಿರಿನ ನಡುವೆ ಒತ್ತಾಗಿ ಕುಳಿತ ಮನೆಗಳು. ಅದನ್ನು ಕಂಡ ಕರಾವಳಿಯವರಿಗೆ ತಮ್ಮ ಊರೇ ನೆನಪಾದರೆ ಆಶ್ಚರ್ಯವಿಲ್ಲ. ಅಲ್ಲಿಯ ನೆಲದಾಳದಲ್ಲಿ ನೈಸರ್ಗಿಕ ಅನಿಲವಿದೆ. ತಾಟಿಪಾಕದಿಂದ ಹೊರಟು, ದೂರದ ವಿದ್ಯುತ್ ಸ್ಥಾವರಕ್ಕೆ ಅನಿಲ ಒಯ್ಯುತ್ತಿದ್ದ ಗೇಲ್ ಸಂಸ್ಥೆಯ 18 ಅಂಗುಲದ ಕೊಳವೆಯೊಂದು ನಗರಂ ಗ್ರಾಮದ ಮನೆಗಳ ನಡುವೆಯೇ ಹಾದುಹೋಗಿತ್ತು.

2014ರ ಜೂನ್ 27ರ ಮುಂಜಾವು. ಊರು ಪೂರ್ತಿ ಎದ್ದಿರಲಿಲ್ಲ. ಕೊಳವೆಯಿಂದ ಸೋರಿದ ಅನಿಲ ತೋಪಿನ ತಂಪಿನಲ್ಲಿ ಹರಡಿಕೊಂಡಿತು. ಎಲ್ಲಿಯೋ ಒಂದು ಕಿಡಿ ತಾಗಿತು. ಕ್ಷಣಮಾತ್ರದಲ್ಲಿ ತೆಂಗಿನ ಮರಗಳು ಬುಡದಿಂದ ಸುಳಿಯವರೆಗೆ ಹೊತ್ತಿಕೊಂಡವು, ಮನೆಗಳು ಬೂದಿಯಾದವು, ಹಟ್ಟಿಯ ದನಕರುಗಳು ಕಟ್ಟಿದಲ್ಲಿಯೇ ಸತ್ತವು. ಮಲಗಿದ್ದವರು, ಓಡಲೆತ್ನಿಸಿದವರು, ಮಕ್ಕಳು, ಮುದುಕರು ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ತೆತ್ತರು.

ತನಿಖೆಯಲ್ಲಿ ಹೊರಬಿದ್ದ ಕಾರಣ ಸರಳವಾಗಿತ್ತು. ಸರಳವಾದುದರಿಂದಲೇ ಹೆಚ್ಚು ದಾರುಣವಾಗಿತ್ತು. ಆ ಕೊಳವೆಯನ್ನು ಒಣ ಅನಿಲಕ್ಕೆಂದು ನಿರ್ಮಿಸಲಾಗಿತ್ತು. ಅದರಲ್ಲಿ ಹರಿದುದು ತೇವದ ಅನಿಲ. ನೀರನ್ನು ತೆಗೆಯಬೇಕಾಗಿದ್ದ ಸ್ಥಾವರ ಇರಲಿಲ್ಲ. ನೀರು ಕೊಳವೆಯೊಳಗೆ ಕುಳಿತು, ಅನಿಲದೊಳಗಿನ ಇಂಗಾಲದ ಡೈಆಕ್ಸೈಡನ್ನೂ ಗಂಧಕವನ್ನೂ ಹೀರಿ, ದಿನದಿನವೂ ಒಳಗೋಡೆಯನ್ನು ನೆಕ್ಕಿತು. ಇದು ಯಾವುದೋ ಅಜ್ಞಾತ ಶಕ್ತಿಯ ಕೋಪವಲ್ಲ. ಅನಿಲದಲ್ಲಿ ನೀರಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುವ ಉಪಕರಣಗಳು ಜಗತ್ತಿನಲ್ಲಿ ಆ ವೇಳೆಗೆ ಮುಕ್ಕಾಲು ಶತಮಾನದಿಂದ ಇದ್ದವು.

ಇದು ಬಡ ದೇಶದ ಪಾಡೆಂದು ಯಾರಾದರೂ ಭಾವಿಸುವುದಾದರೆ ಅಮೆರಿಕದ ಕಥೆಯನ್ನೂ ಕೇಳಬೇಕು. 2000ದ ಆಗಸ್ಟ್ 19ರಂದು, ಅದೂ ನಸುಕಿನಲ್ಲಿಯೇ, ನ್ಯೂ ಮೆಕ್ಸಿಕೋ ಪ್ರಾಂತದ ಕಾರ್ಲ್ಸ್‌ಬ್ಯಾಡ್ ಎಂಬಲ್ಲಿ ಪೆಕೋಸ್ ನದಿಯ ಬಳಿ 30 ಅಂಗುಲದ ಅನಿಲದ ಕೊಳವೆ ಸಿಡಿಯಿತು. ನದಿಯ ದಡದಲ್ಲಿ ಬಿಡಾರ ಹೂಡಿ ಮಲಗಿದ್ದ ಒಂದೇ ಬಳಗದ 12 ಮಂದಿ ಸತ್ತರು. ತಗ್ಗಿನಲ್ಲಿದ್ದ ಆ ತುಂಡಿನ ಗೋಡೆ ಕೆಲವೆಡೆ ನೂರಕ್ಕೆ 72ರಷ್ಟು ಒಳಗಿನಿಂದ ಕರಗಿಹೋಗಿತ್ತು. 1950ರಲ್ಲಿ ಹಾಕಿದ ಕೊಳವೆ ಅದು. ದ್ರವವನ್ನು ಬಸಿಯಲೆಂದೇ ಮೇಲುಭಾಗದಲ್ಲಿ ಇಟ್ಟಿದ್ದ ಬಸಿಗೊಳವೆಯನ್ನು ತೆರೆದು ನೋಡಿದರೆ ಅದರ ತುಂಬ ಎಣ್ಣೆಯಂಟಿದ ಕರಿಯ ರಾಡಿ. ಅದು ನೀರನ್ನು ಹಿಡಿಯುವುದನ್ನು ಬಿಟ್ಟುಕೊಟ್ಟಿತ್ತು. ತೂತಿನ ಸುತ್ತಲಿನ ಕೊಳೆಯಲ್ಲಿ ತನಿಖೆಗಾರರು ಕಂಡದ್ದು ಉಪ್ಪಿನ ಅಂಶ ಮತ್ತು ಸೂಕ್ಷ್ಮಜೀವಿಗಳು. ಕೋನಸೀಮೆಯ ಹಳ್ಳಿಗೂ ಅಮೆರಿಕದ ಮರುಭೂಮಿಗೂ ಉಕ್ಕು ಒಂದೇ, ನೀರೂ ಒಂದೇ.

ಬೆವರುವ ಕನ್ನಡಿ

ಹಾಗಾದರೆ ಅದೃಶ್ಯವಾದ ಈ ತೇವವನ್ನು ಕಂಡುಹಿಡಿಯುವ ಬಗೆ ಹೇಗೆ? ಬೇಸಗೆಯಲ್ಲಿ ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆಯನ್ನು ಜಗಲಿಯ ಮೇಲಿಟ್ಟರೆ ಅದರ ಹೊರಮೈ ಬೆವರುತ್ತದೆ. ಆ ಬೆವರು ತಂಬಿಗೆಯದಲ್ಲ, ಗಾಳಿಯದು. ಗಾಳಿಯಲ್ಲಿ ಆವಿ ಹೆಚ್ಚಿದ್ದರೆ ಸ್ವಲ್ಪ ತಣ್ಣಗಿದ್ದರೂ ಬೆವರುವುದು. ಕಡಮೆಯಿದ್ದರೆ ಇನ್ನೂ ತಣ್ಣಗಾಗಬೇಕು. ಈ ಮನೆಮಾತನ್ನೇ ಉಪಕರಣವಾಗಿಸಿದವರು ಅಮೆರಿಕದ ಗಣಿ ಇಲಾಖೆಯವರು. 1930ರ ದಶಕದಲ್ಲಿ ಅವರು ಮಾಡಿದ ಯಂತ್ರದಲ್ಲಿ ಒಂದು ಪುಟ್ಟ ಲೋಹದ ಕನ್ನಡಿ. ಅದರ ಮುಂದೆ ಕೊಳವೆಯ ಅನಿಲವನ್ನು ಹರಿಯಬಿಟ್ಟು, ಹಿಂದಿನಿಂದ ಕನ್ನಡಿಯನ್ನು ಮೆಲ್ಲಮೆಲ್ಲನೆ ತಣಿಸುತ್ತ, ಸಣ್ಣ ಕಿಟಕಿಯಲ್ಲಿ ಕಣ್ಣಿಟ್ಟು ಕಾಯುವುದು. ಕನ್ನಡಿಯ ಮೇಲೆ ಮೊದಲ ಮಬ್ಬು ಕಾಣಿಸಿದ ಗಳಿಗೆಯ ಉಷ್ಣತೆಯೇ ಆ ಅನಿಲದ ಇಬ್ಬನಿಯ ಬಿಂದು. ನುರಿತ ಕಣ್ಣಾದರೆ ಆ ಮಬ್ಬು ನೀರಿನದೋ, ಅನಿಲದಲ್ಲೇ ಇರುವ ಭಾರವಾದ ಎಣ್ಣೆಯದೋ ಎಂಬುದನ್ನೂ ಹೇಳಬಲ್ಲುದು. ಇಂದಿಗೂ ಈ ಕನ್ನಡಿ ಮೂಲೆಗೆ ಬಿದ್ದಿಲ್ಲ; ಹೊಸ ಯಂತ್ರ ಸುಳ್ಳು ಹೇಳುತ್ತಿದೆಯೆಂಬ ಅನುಮಾನ ಬಂದರೆ ಹಳೆಯ ಕನ್ನಡಿಯನ್ನೇ ಸಾಕ್ಷಿಗೆ ಕರೆಯುವುದುಂಟು.

ಹೊಸ ಯಂತ್ರವೆಂದರೆ ಲೇಸರಿನದು. ನೀರಿನ ಕಣಗಳು ಬೆಳಕಿನ ಒಂದು ನಿರ್ದಿಷ್ಟ ಬಣ್ಣವನ್ನು ಮಾತ್ರ ನುಂಗುತ್ತವೆ. ಕಣ್ಣಿಗೆ ಕಾಣದ, ಕೆಂಪಿನಾಚೆಯ ಆ ಬಣ್ಣದ ಕಿರಣವನ್ನೇ ಅನಿಲದ ಮೂಲಕ ಹಾಯಿಸಿ, ಎಷ್ಟು ನುಂಗಿಹೋಯಿತೆಂದು ಅಳೆದರೆ ನೀರೆಷ್ಟಿದೆಯೆಂಬುದು ಕ್ಷಣದಲ್ಲಿ ತಿಳಿಯುತ್ತದೆ. ಇದರ ದೊಡ್ಡ ಗುಣವೆಂದರೆ ಅಳೆಯುವ ಭಾಗ ಅನಿಲವನ್ನು ಮುಟ್ಟುವುದೇ ಇಲ್ಲ. ಕೊಳಕು ಅಂಟಿ ಕೆಡುವ ಭಯ ಅಷ್ಟರಮಟ್ಟಿಗೆ ಕಡಮೆ.

ಜಲಜನಕದ ಸಲ್ಫೈಡನ್ನು ಹಿಡಿಯಲು ಮೂಗು ಸಾಲದೇ ಎಂದು ಕೇಳಬಹುದು. ಕಾಲೇಜಿನ ರಸಾಯನಶಾಲೆಯಲ್ಲಿ ಕಿಪ್ಪನ ಉಪಕರಣದ ಪಕ್ಕದಲ್ಲಿ ನಿಂತವರಾರೂ ಆ ವಾಸನೆಯನ್ನು ಮರೆಯಲಾರರು. ಆದರೆ ಮೂಗು ಮೋಸಗಾರ. ಈ ಅನಿಲ ಅಲ್ಪವಿದ್ದಾಗ ನಾರುತ್ತದೆ. ಅಪಾಯದ ಮಟ್ಟಕ್ಕೆ ಏರಿದಾಗ ಮೂಗಿನ ನರಗಳನ್ನೇ ಜೋಮುಗಟ್ಟಿಸಿ ವಾಸನೆಯೇ ಇಲ್ಲದಂತೆ ಮಾಡುತ್ತದೆ. ವಾಸನೆ ಹೋಯಿತೆಂದು ಸಮಾಧಾನಪಟ್ಟವರು ಅಲ್ಲಿಯೇ ಕುಸಿದ ಪ್ರಸಂಗಗಳುಂಟು. ಆದುದರಿಂದ ಇಲ್ಲಿ ನಂಬಿಕೆ ಮೂಗಿನ ಮೇಲಲ್ಲ, ಕಾಗದದ ಮೇಲೆ. ಸೀಸದ ಅಸಿಟೇಟಿನಲ್ಲಿ ಅದ್ದಿದ ಬಿಳಿಯ ಕಾಗದಕ್ಕೆ ಈ ಅನಿಲ ತಾಗಿದರೆ ಕಂದುಗಪ್ಪು ಕಲೆಯಾಗುತ್ತದೆ. ಇಂಟರ್‌ಮೀಡಿಯೆಟ್ ವಿದ್ಯಾರ್ಥಿಗಳು ಕಲಿಯುತ್ತಿದ್ದ ಈ ಪರೀಕ್ಷೆಯೇ ಕೊಳವೆ ಮಾರ್ಗದ ನಿಲ್ದಾಣದಲ್ಲಿ ಗಡಿಯಾರದಂತೆ ದುಡಿಯುತ್ತದೆ: ಸುರುಳಿ ಸುತ್ತಿದ ಕಾಗದದ ಪಟ್ಟಿ ಮುಂದೆ ಸರಿಯುತ್ತಿರುತ್ತದೆ, ಅನಿಲ ಅದನ್ನು ಸೋಕುತ್ತದೆ, ಕಲೆ ಎಷ್ಟು ಬೇಗ ಕಪ್ಪಾಯಿತೆಂಬುದನ್ನು ಬೆಳಕಿನ ಕಣ್ಣೊಂದು ಓದುತ್ತದೆ. ಹತ್ತು ಲಕ್ಷದಲ್ಲಿ ಒಂದು ಭಾಗವೂ ಇದರ ಕಣ್ಣು ತಪ್ಪಿಸದು.

ಉಳಿದ ಅನಿಲಗಳ ಲೆಕ್ಕಕ್ಕೆ ವರ್ಣಲೇಖನ ಯಂತ್ರವುಂಟು. ರಷ್ಯದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ಸ್ವೆಟ್ 20ನೆಯ ಶತಮಾನದ ಆರಂಭದಲ್ಲಿ ಎಲೆಯ ಬಣ್ಣಗಳನ್ನು ಸುಣ್ಣದ ಪುಡಿಯ ಕಂಬದ ಮೂಲಕ ಇಳಿಸಿ ಬೇರ್ಪಡಿಸಿದ ವಿದ್ಯೆಯ ಮರಿ ಇದು; 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಎಂಬವರು ಅದನ್ನು ಅನಿಲಗಳಿಗೆ ಒಗ್ಗಿಸಿದರು. ಸಂತೆಗೆ ಒಟ್ಟಿಗೆ ಹೊರಟವರಲ್ಲಿ ಪ್ರತಿ ಅಂಗಡಿಯ ಮುಂದೆ ನಿಲ್ಲುವವನು ತಡವಾಗಿ ಮನೆ ಸೇರುವಂತೆ, ಕಂಬದ ಪುಡಿಗೆ ಹೆಚ್ಚು ಅಂಟುವ ಅನಿಲ ಕೊನೆಗೆ ಹೊರಬರುತ್ತದೆ. ಬಂದ ಸರದಿಯಿಂದ ಹೆಸರು, ಬಂದ ಪ್ರಮಾಣದಿಂದ ಪಾಲು.

ಇಷ್ಟೆಲ್ಲ ಇದ್ದರೂ ಒಂದು ತೊಡಕುಂಟು. ಯಂತ್ರ ಅಳೆಯುವುದು ತನ್ನ ಬಾಯಿಗೆ ಬಂದ ಅನಿಲವನ್ನು ಮಾತ್ರ. ಕೊಳವೆಯ ಗೋಡೆಯ ಪಕ್ಕದಿಂದ ಅನಿಲವನ್ನು ತೆಗೆದರೆ ಅಲ್ಲಿ ಅಂಟಿದ ತೇವವೂ ಬರುತ್ತದೆ, ನಟ್ಟನಡುವಿನಿಂದ ತೆಗೆಯಬೇಕು. ಮಾದರಿ ತರುವ ಸಣ್ಣ ಕೊಳವೆಯ ಮೇಲೆ ಮಳೆ ಸುರಿದು ತಣಿದರೆ ಆವಿ ಅಲ್ಲಿಯೇ ಹನಿಯಾಗಿ, ಯಂತ್ರಕ್ಕೆ ತಲುಪುವ ಅನಿಲ ಇದ್ದುದಕ್ಕಿಂತ ಒಣಗಿದಂತೆ ತೋರುತ್ತದೆ. ಆ ಪುಟ್ಟ ಕೊಳವೆಯನ್ನು ಬಿಸಿಯಾಗಿ ಇಡದವನಿಗೆ ಲಕ್ಷ ರೂಪಾಯಿಯ ಲೇಸರೂ ಸುಳ್ಳನ್ನೇ ಹೇಳುತ್ತದೆ. ಕರಾವಳಿಯಂಥ ಮಳೆಯ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಉಕ್ಕನ್ನೇ ಕೇಳುವುದು

ಅನಿಲವನ್ನು ಪರೀಕ್ಷಿಸುವುದು ಒಂದು ಬಗೆ; ಉಕ್ಕನ್ನೇ ಕೇಳುವುದು ಇನ್ನೊಂದು ಬಗೆ. ಕೊಳವೆಯ ಉಕ್ಕಿನದೇ ಒಂದು ಸಣ್ಣ ಫಲಕವನ್ನು ಅಕ್ಕಸಾಲಿಗನ ನಯದಿಂದ ತೂಗಿ ಕೊಳವೆಯೊಳಗೆ ತೂಗುಹಾಕುತ್ತಾರೆ. ಕೆಲವು ತಿಂಗಳ ಮೇಲೆ ತೆಗೆದು, ತೊಳೆದು, ಮತ್ತೆ ತೂಗುತ್ತಾರೆ. ಕಳೆದುಹೋದ ಮಿಲಿಗ್ರಾಮುಗಳೇ ಕೊಳವೆ ಕಳೆದುಕೊಂಡುದರ ಲೆಕ್ಕ. ವಿಧಾನ ಹಳೆಯದು, ನಿಧಾನದ್ದು, ಆದರೆ ಪ್ರಾಮಾಣಿಕ. ಫಲಕವನ್ನು ಎಲ್ಲಿ ತೂಗುಹಾಕಿದರೆಂಬುದರ ಮೇಲೆ ಮಾತ್ರ ಎಲ್ಲವೂ ನಿಂತಿದೆ. ಮೇಲ್ಮಟ್ಟದ ಒಣ ಜಾಗದಲ್ಲಿ ಹಾಕಿ ‘ಕ್ಷೇಮ’ ಎಂದು ಬರೆದುಕೊಂಡರೆ ಅದು ಮನೆಯ ಅಟ್ಟದಲ್ಲಿ ನಿಂತು ನೆರೆ ಬಂದಿಲ್ಲವೆಂದಂತೆ.

ಇನ್ನು ಕೊಳವೆಯೊಳಗೆ ಓಡುವ ಯಂತ್ರ. ಅನಿಲದ ಒತ್ತಡವೇ ಅದನ್ನು ದೂಡುತ್ತದೆ. ಗೋಡೆಯನ್ನು ಕೆರೆಯುತ್ತ, ಕಿರುಗುಟ್ಟುತ್ತ ಓಡುವುದರಿಂದಲೋ ಏನೋ ಇಂಗ್ಲಿಷರು ಅದಕ್ಕೆ ‘ಪಿಗ್’, ಅಂದರೆ ಹಂದಿ, ಎಂದು ಹೆಸರಿಟ್ಟಿದ್ದಾರೆ. ಸಾದಾ ಪಿಗ್ಗು ಕಸ ಗುಡಿಸಿ ನೀರನ್ನು ಮುಂದಕ್ಕೆ ತಳ್ಳುತ್ತದೆ. ಬುದ್ಧಿಯುಳ್ಳ ಪಿಗ್ಗು ಬಲವಾದ ಅಯಸ್ಕಾಂತಗಳನ್ನು ಹೊತ್ತು ಗೋಡೆಯನ್ನು ಕಾಂತೀಕರಿಸುತ್ತ ಸಾಗುತ್ತದೆ. ಉಕ್ಕು ತೆಳುವಾದ ಕಡೆ ಕಾಂತದ ರೇಖೆಗಳು ಹೊರಕ್ಕೆ ಸೋರುತ್ತವೆ, ಯಂತ್ರ ಅದನ್ನು ಗುರುತುಹಾಕಿಕೊಳ್ಳುತ್ತದೆ. ಇಷ್ಟನೆಯ ಮೀಟರಿನಲ್ಲಿ, ಇಷ್ಟು ಗಂಟೆಯ ದಿಕ್ಕಿನಲ್ಲಿ, ಇಷ್ಟು ಆಳದ ಹೊಂಡ ಎಂದು ಅದು ವರದಿ ಒಪ್ಪಿಸುತ್ತದೆ. ಆರು ಗಂಟೆಯ ದಿಕ್ಕು, ಎಂದರೆ ಕೊಳವೆಯ ತಳ, ಹೆಚ್ಚಾಗಿ ಕಾಣಿಸಿಕೊಂಡರೆ ಅಪರಾಧಿ ನೀರೆಂದು ಊಹಿಸಲು ಪತ್ತೇದಾರಿ ಕಾದಂಬರಿಗಳನ್ನು ಓದಿರಬೇಕಾಗಿಲ್ಲ. ಕಾರ್ಲ್ಸ್‌ಬ್ಯಾಡಿನ ಆ ತುಂಡಿನಲ್ಲಿ ಪಿಗ್ಗು ಓಡಲು ದಾರಿಯೇ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಪಿಗ್ಗು ಗುಡಿಸಿ ತಂದ ಕೊಳೆಯೂ ಅಮೂಲ್ಯವಾದುದೇ. ಆ ದ್ರವದಲ್ಲಿ ಕರಗಿದ ಕಬ್ಬಿಣ ಹೆಚ್ಚಿದ್ದರೆ ಎಲ್ಲಿಯೋ ಗೋಡೆ ಕರಗುತ್ತಿದೆ. ಉಪ್ಪಿದ್ದರೆ ಬಾವಿಯ ನೀರು ಒಳನುಗ್ಗಿದೆ. ಕರಿಯ ಪುಡಿಯಿದ್ದರೆ ಸಲ್ಫೈಡಿನ ಗುಮಾನಿ; ಈ ಪುಡಿ ಒಣಗಿ ಗಾಳಿಗೆ ಸೋಕಿದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲುದಾದ್ದರಿಂದ ತಿಳಿದವರು ಅದನ್ನು ನೀರು ಚಿಮುಕಿಸಿ ಒದ್ದೆಯಾಗಿಯೇ ಹೊರತೆಗೆಯುತ್ತಾರೆ. ಕೊಳೆಯ ಒಂದಿಷ್ಟನ್ನು ಸೂಜಿಯಿಂದ ಎಳೆದು ಆಹಾರದ ದ್ರವವಿರುವ ಪುಟ್ಟ ಶೀಷೆಗೆ ಸೇರಿಸುತ್ತಾರೆ; ಅದರಿಂದ ಒಂದಿಷ್ಟನ್ನು ಎರಡನೆಯದಕ್ಕೆ, ಎರಡರಿಂದ ಮೂರನೆಯದಕ್ಕೆ. ನಾಲ್ಕು ವಾರಗಳವರೆಗೆ ಕಾಯುತ್ತಾರೆ. ಗಂಧಕಪ್ರಿಯರಾದ ಸೂಕ್ಷ್ಮಜೀವಿಗಳಿದ್ದರೆ ಶೀಷೆ ಮಸಿಯಂತೆ ಕಪ್ಪಾಗುತ್ತದೆ. ಎಷ್ಟನೆಯ ಶೀಷೆಯವರೆಗೆ ಕಪ್ಪು ಹರಡಿತೆಂಬುದೇ ಅವುಗಳ ಜನಗಣತಿ.

ಹೊರಗಿನ ತುಕ್ಕಿಗೂ ಒಂದು ಮಾತು ಸಲ್ಲಬೇಕು. ಕೊಳವೆಯ ಹೊರಮೈಗೆ ಲೇಪನ ಕೊಟ್ಟು, ಸಣ್ಣ ವಿದ್ಯುತ್ ಪ್ರವಾಹವೊಂದನ್ನು ಅದರತ್ತ ಹರಿಸಿ ರಕ್ಷಿಸುವ ಕ್ರಮವಿದೆ. 1824ರಲ್ಲಿ ಸರ್ ಹಂಫ್ರಿ ಡೇವಿ ಹಡಗುಗಳ ತಾಮ್ರದ ತಳವನ್ನು ಕಾಪಾಡಲು ಸೂಚಿಸಿದ ಉಪಾಯದ ಮುಂದುವರಿಕೆ ಅದು. ಆದರೆ ಆ ರಕ್ಷಣೆ ಕೊಳವೆಯ ಒಳಗೆ ಇಣುಕದು. ಹೊರಗೆ ಕಾವಲುಗಾರ ಎಚ್ಚರವಾಗಿದ್ದಾನೆಂದು ಒಳಗಿನ ಕಳ್ಳ ಹೆದರುವುದಿಲ್ಲ.

ಕೊಚ್ಚಿಯ ಅನಿಲ, ಹಟ್ಟಿಯ ಅನಿಲ

ಮಂಗಳೂರಿಗೆ ಬರುವ ಅನಿಲದ ಬಗ್ಗೆ ಒಂದು ಸಮಾಧಾನದ ಸಂಗತಿಯಿದೆ. ಅದು ಕೊಚ್ಚಿಯ ಪುದುವೈಪಿನ ನಿಲ್ದಾಣಕ್ಕೆ ಹಡಗಿನಲ್ಲಿ, ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿದ ದ್ರವವಾಗಿ ಬರುತ್ತದೆ. ಅಷ್ಟು ತಣಿಸಬೇಕಾದರೆ ಮೊದಲೇ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಗಂಧಕವನ್ನೂ ತೆಗೆದುಹಾಕಲೇಬೇಕು. ಇಲ್ಲದಿದ್ದರೆ ಹಿಮಗಡ್ಡೆ ಕಟ್ಟಿ ಯಂತ್ರ ಉಸಿರುಗಟ್ಟುತ್ತದೆ. ಪಾದರಸದ ಸುಳಿವನ್ನೂ ಬಿಡುವಂತಿಲ್ಲ. 1973ರಲ್ಲಿ ಅಲ್ಜೀರಿಯದ ಸ್ಕಿಕ್ಡಾ ಎಂಬಲ್ಲಿ ಅನಿಲದೊಡನೆ ಬಂದ ಪಾದರಸವು ಅಲ್ಯೂಮಿನಿಯಮ್ಮಿನ ತಣಿಸುವ ಯಂತ್ರವನ್ನೇ ತಿಂದುಹಾಕಿದ ಮೇಲೆ ಜಗತ್ತು ಆ ಪಾಠವನ್ನು ಕಲಿಯಿತು. ಹೀಗೆ ಶೀತದ ಕಡ್ಡಾಯದಿಂದಲೇ ಶುದ್ಧವಾದ ಅನಿಲ ಕೊಚ್ಚಿಯಿಂದ ಹೊರಡುತ್ತದೆ. ಅಂಥ ಕೊಳವೆಗೆ ಹೆಚ್ಚಿನ ಭಯವಿರುವುದು ಕಟ್ಟುವಾಗಿನ ನೀರಿನಿಂದ. ಹೊಸ ಕೊಳವೆಯ ಬಲ ಪರೀಕ್ಷಿಸಲು ಅದರ ತುಂಬ ನೀರು ತುಂಬಿ ಒತ್ತುತ್ತಾರೆ. ಆ ನೀರನ್ನು ಕೊನೆಯ ಹನಿಯವರೆಗೆ ಒಣಗಿಸದಿದ್ದರೆ, ಹೊಳೆಯಿಂದ ತಂದ ಸೂಕ್ಷ್ಮಜೀವಿಗಳೊಡನೆ ಅದು ಅಲ್ಲಿಯೇ ಸಂಸಾರ ಹೂಡುತ್ತದೆ.

ಆದರೆ ಮುಂದಿನ ದಿನಗಳಲ್ಲಿ ಕೊಳವೆಯಲ್ಲಿ ಕೊಚ್ಚಿಯ ಅನಿಲವೊಂದೇ ಹರಿಯಲಾರದು. ಸೆಗಣಿ, ಕಸ, ಬೆಳೆಯ ತ್ಯಾಜ್ಯಗಳಿಂದ ಮಾಡಿದ ಅನಿಲವನ್ನು ಶುದ್ಧೀಕರಿಸಿ ನಗರದ ಅನಿಲದೊಡನೆ ಬೆರೆಸಬೇಕೆಂದು ಕೇಂದ್ರ ಸರಕಾರ 2023ರ ನವೆಂಬರಿನಲ್ಲಿ ನಿರ್ಧರಿಸಿತು: 2025–26ರಲ್ಲಿ ನೂರಕ್ಕೆ 1 ಭಾಗದಿಂದ ಆರಂಭಿಸಿ, 2028–29ರಿಂದ ನೂರಕ್ಕೆ 5 ಭಾಗ. ಯೋಚನೆ ಶ್ಲಾಘನೀಯವೇ; ದೂರದೇಶದಿಂದ ತರಿಸುವ ಇಂಧನ ಅಷ್ಟಾದರೂ ಉಳಿಯುತ್ತದೆ, ಹಳ್ಳಿಯ ಕಸಕ್ಕೆ ಬೆಲೆ ಬರುತ್ತದೆ. ಆದರೆ ಹಟ್ಟಿಯ ಪಕ್ಕದ ಗುಂಡಿಯಲ್ಲಿ ಕಂಡ ಮೂವರು ಅತಿಥಿಗಳೂ ಈ ಅನಿಲದ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಸಲ್ಫೈಡನ್ನು ತೆಗೆಯಲು ಹಲವು ಕಡೆ ಗುಂಡಿಯೊಳಗೆ ಸ್ವಲ್ಪ ಗಾಳಿಯನ್ನು ಬಿಡುವ ವಾಡಿಕೆಯಿದೆ. ಅದರಿಂದ ಆಮ್ಲಜನಕವೆಂಬ ನಾಲ್ಕನೆಯವನೂ ಸೇರುತ್ತಾನೆ. ಇನ್ನೊಂದು ಉಪಾಯ ಕಬ್ಬಿಣದ ತುಕ್ಕನ್ನು ಅಂಟಿಸಿದ ಮರದ ಹೆರೆಯ ಮೂಲಕ ಅನಿಲವನ್ನು ಹಾಯಿಸುವುದು. 19ನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಅನಿಲದ ಕಾರಖಾನೆಗಳು ಹಿಡಿದ ಹಾದಿ ಇದು. ಕೊಳವೆಯನ್ನು ಕೊಲ್ಲುವ ತುಕ್ಕೇ ಇಲ್ಲಿ ಸಲ್ಫೈಡನ್ನು ನುಂಗಿ ಕೊಳವೆಯನ್ನು ಕಾಯುತ್ತದೆ.

ದೊಡ್ಡ ಬಂದರಿನ ಒಂದೇ ಬಾಗಿಲಿನಿಂದ ಅನಿಲ ಬರುವಾಗ ಒಂದು ಕಡೆ ಯಂತ್ರವಿಟ್ಟು ಕಾವಲು ಕಾಯುವುದು ಸುಲಭ. ಹತ್ತಾರು ಸಣ್ಣ ಸ್ಥಾವರಗಳು ತಮ್ಮ ತಮ್ಮ ಅನಿಲವನ್ನು ತಂದು ಸುರಿಯುವಾಗ, ಪ್ರತಿಯೊಂದರ ಬಾಗಿಲಲ್ಲಿಯೂ ಒಂದು ಕನ್ನಡಿ, ಒಂದು ಕಾಗದದ ಸುರುಳಿ, ಅವನ್ನು ಓದಿ ‘ಇಂದಿನ ಅನಿಲ ಬೇಡ’ ಎಂದು ನಲ್ಲಿ ಮುಚ್ಚುವ ಅಧಿಕಾರವುಳ್ಳ ಒಬ್ಬ ಮನುಷ್ಯ ಇರಬೇಕಾಗುತ್ತದೆ. ಮೊದಲ ಎರಡನ್ನು ಹಣ ಕೊಟ್ಟು ತರಬಹುದು. ಮೂರನೆಯವನನ್ನು ನೇಮಿಸುವ ಕೆಲಸ ಮಾತ್ರ ಆಯಾ ಸ್ಥಾವರದವರಿಗೂ, ಅವರಿಂದ ಅನಿಲ ಕೊಳ್ಳುವ ನಗರದ ಕಂಪನಿಗಳಿಗೂ ಸೇರಿದ್ದು.